ಬಿಳಿ ಪುಟದ ಮೇಲೆ ಕೇಂದ್ರದ ಹೆಸರು

ಜಾಲತಾಣಗಳನ್ನು ಕಟ್ಟಿಕೊಡುವುದು ನನ್ನ ಕೆಲಸ. ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿರುವ ನಮ್ಮ ಮನೆಯ ಮುಂದಿನ ಕೋಣೆಯೇ ಆಫೀಸು. ಬಟ್ಟೆ ಅಂಗಡಿ, ಕಲ್ಯಾಣ ಮಂಟಪ, ಟ್ಯೂಷನ್ ಸೆಂಟರು, ಇಂಥವೇ ಗಿರಾಕಿಗಳು. ಏನಾದರೂ ಕೆಟ್ಟರೆ ನಾಲ್ಕು ಮಾತು ಬೈಸಿಕೊಂಡು ಸರಿಮಾಡುತ್ತಿದ್ದೆ, ಅಷ್ಟೆ. ಕೆಲಸದಲ್ಲಿ ಹೆದರಿಕೆ ಎಂದರೇನು ಎಂದು ಗೊತ್ತಾದದ್ದು ಹರಿಹರದ ಆ ತಾಣ ಮಾಡಿಕೊಟ್ಟ ಮೇಲೆ.

ಹರಿಹರದಲ್ಲಿ ನಿವೃತ್ತ ನರ್ಸ್ ಒಬ್ಬರು ತಮ್ಮ ಮನೆಯಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದರು. ಎಲ್ಲರೂ ಈಗಲೂ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಾರೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ನುಗಳು. ಹಿಂದಿನ ಕೋಣೆಯಲ್ಲಿ ಮನೆಯವರ ಕೈಲಿ ಹೊಡೆಸಿಕೊಂಡು ಬಂದ ಹೆಂಗಸರ ಅಳು, ಮಾತು, ವಕೀಲರ ಸಲಹೆ. ಅದು ಅವರ ಮಹಿಳಾ ಕೇಂದ್ರ. ಅಲ್ಲಿಗೆ ಬರುವ ಯಾರೇ ಆದರೂ ಮನೆಯಲ್ಲಿ ಹೇಳುತ್ತಿದ್ದುದು ಹೊಲಿಗೆ ಕ್ಲಾಸಿಗೆ ಹೋಗುತ್ತೇನೆಂದು.

ಜಾಲತಾಣವೂ ಹಾಗೇ ಇರಬೇಕು ಎಂದರು. ತೆರೆದರೆ ಕುಪ್ಪಸದ ಕಟಿಂಗು, ಸೀರೆಗೆ ಫಾಲ್ ಹಚ್ಚುವ ಪಾಠ. ಒಂದು ಪಾಠದ ಕೆಳಗೆ ಬರೆಯುವ ಜಾಗ. ಗೊತ್ತಿದ್ದವರು ಅಲ್ಲಿ ತಮ್ಮ ಕಷ್ಟ ಬರೆದು ಕಳಿಸಬಹುದು.

"ಒಂದ್ ಮಾತು ತಲೆಯಾಗ ಇಟ್ಕೋಮ್ಮ," ಎಂದಿದ್ದರು ಸಿಸ್ಟರ್. "ಇವರ ಫೋನು ಇವರೊಬ್ಬರದೇ ಅಲ್ಲ. ಗಂಡ ನೋಡ್ತಾನೆ, ಅತ್ತೆ ನೋಡ್ತಾಳೆ. ತಾಣ ಕೆಟ್ರೆ ಕೆಡ್ಲಿ. ಕೇಂದ್ರದ ಹೆಸರು ಮಾತ್ರ ಯಾರ ಕಣ್ಣಿಗೂ ಬೀಳಬಾರ್ದು."

ಜಾಲತಾಣದಲ್ಲಿ ಏನಾದರೂ ಎಡವಟ್ಟಾದರೆ ತಂತ್ರಾಂಶವು ತನ್ನದೇ ಒಂದು ಬಿಳಿ ಪುಟ ತೋರಿಸುತ್ತದೆ. ಅದರ ಬದಲು 'ಈ ಹೊಲಿಗೆ ಪಾಠ ಈಗ ತೆರೆಯುತ್ತಿಲ್ಲ' ಎಂಬ ಪುಟ ಬರುವಂತೆ ನಾನು ಥೀಮ್‌ನಲ್ಲಿ ಬರೆದಿಟ್ಟೆ. ತಾಣದ ಬಣ್ಣ, ಅಕ್ಷರ, ರೂಪ ಎಲ್ಲ ಇರುವುದು ಥೀಮ್‌ನಲ್ಲಿ. ಬರೆದದ್ದನ್ನು ಕೇಂದ್ರಕ್ಕೆ ತಲುಪಿಸುವ ಕೆಲಸ ತಾಣಕ್ಕೆ ಜೋಡಿಸಲೆಂದು ಬೇರೆಯವರು ಮಾಡಿದ ಸಣ್ಣ ತಂತ್ರಾಂಶದ್ದು, ಅಂದರೆ ಒಂದು ಪ್ಲಗಿನ್‌ನದು. ಬೇಕೆಂದೇ ತಾಣವನ್ನು ಹಲವು ಬಗೆಯಲ್ಲಿ ಕೆಡಿಸಿ ನೋಡಿದೆ. ಪ್ರತಿ ಸಲವೂ ಹೊಲಿಗೆಯ ಪುಟವೇ ಬಂತು. ನೆಮ್ಮದಿಯಾಯಿತು.

ಕೆಲವು ತಿಂಗಳು ಏನೂ ಆಗಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಏಳುವ ಹೊತ್ತಿಗೆ ಸಿಸ್ಟರ್ ಫೋನು ಬಂತು. ದನಿ ಸಣ್ಣದಾಗಿತ್ತು.

"ಬಾತಿಯಿಂದ ಒಬ್ಬಾಕೆ ಪಕ್ಕದ ಮನೆ ಫೋನಿಂದ ಮಾತಾಡಿದ್ಲು. ಗಂಡ ಊಟ ಮಾಡಿ ಅಡ್ಡಾಗಿದ್ದಾಗ ಅವನ ಫೋನಿಂದ್ಲೇ ನಮಗೆ ಬರ್ದು ಕಳ್ಸ್ಯಾಳೆ. ಹೋಯ್ತೋ ಇಲ್ವೋ ಅಂತ ಇನ್ನೊಂದ್ ಸಲ ಒತ್ತಿದ್ಲಂತೆ. ಬೆಳ್ಳಗೆ ಒಂದು ಪುಟ ಬಂತಂತೆ. ಅದ್ರ ಮ್ಯಾಲೆ ನಮ್ಮ ಕೇಂದ್ರದ ಹೆಸರು ಐತಂತೆ."

"ಆ ಪುಟ ಮುಚ್ಚಿದ್ಲಂತಾ?"

"ಎಲ್ಲಿ ಮುಚ್ಚೋದು? ಅಷ್ಟ್ರಾಗೆ ಅವ್ನು ಎದ್ದು ಫೋನ್ ಕಸ್ಕಂಡು ಡ್ಯೂಟಿಗೆ ಹೋದ."

ಅವನು ಕರೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿದ್ದ. ಕೆಲಸದ ಹೊತ್ತಿನಲ್ಲಿ ಫೋನು ಹೊರಗಿಡಬೇಕು. ಆದರೆ ಚಹಾಕ್ಕೆ ಬಿಟ್ಟಾಗ ಅದು ಅವನ ಕೈಗೆ ಸಿಗುತ್ತದೆ.

ನಾನೇ ಆ ಜಾಗದಲ್ಲಿ ಸುಳ್ಳು ದೂರೊಂದನ್ನು ಬರೆದು ಕಳಿಸಿ, ಆಕೆಯಂತೆ ಇನ್ನೊಂದು ಸಲ ಒತ್ತಿದೆ. ಬಂತು. ಬಿಳಿ ಹಾಳೆಯ ಮೇಲೆ ದಪ್ಪ ಅಕ್ಷರ: ನಿಮ್ಮ ದೂರು ಈಗಾಗಲೇ ದಾಖಲಾಗಿದೆ. ಅದರ ಕೆಳಗೆ ಮಹಿಳಾ ಕೇಂದ್ರದ ಪೂರ್ತಿ ಹೆಸರು, ಹರಿಹರ ಎಂಬ ಊರು ಸಮೇತ. ಅವನ ಫೋನಿನಲ್ಲಿ ಇದೇ ಪುಟ ತೆರೆದು ಕೂತಿದೆ.

ಒಂದೇ ಒಂದು ಆಸೆ ಉಳಿದಿತ್ತು. ಫೋನು ಬಹಳ ಹೊತ್ತು ಸುಮ್ಮನಿದ್ದು ಮತ್ತೆ ತೆರೆದಾಗ ಎಷ್ಟೋ ಸಲ ಪುಟ ಹೊಸದಾಗಿ ನಮ್ಮ ಸರ್ವರಿನಿಂದ ಬರುತ್ತದೆ. ಅವನು ನೋಡುವುದರೊಳಗೆ ಸರಿಮಾಡಿದರೆ ಅವನಿಗೆ ಕಾಣುವುದು ಹೊಲಿಗೆ.

ಪ್ಲಗಿನ್ ನಿಲ್ಲಿಸಿಬಿಡೋಣ ಎನ್ನಿಸಿತು. ಆದರೆ ನಿಲ್ಲಿಸಿದರೆ ಹೊಲಿಗೆ ಪಾಠದ ಕೆಳಗೆ, ಬರೆಯುವ ಜಾಗದ ಬದಲು, ಅದನ್ನು ಕರೆಯುವ ಸಂಕೇತದ ಸಾಲೇ ಕೇಂದ್ರದ ಹೆಸರಿನೊಂದಿಗೆ ಬಯಲಾಗುತ್ತಿತ್ತು. ಆ ಕ್ಷಣದಲ್ಲಿ ಇನ್ನೆಲ್ಲಿ ಯಾವ ಹೆಂಗಸು ಆ ಪಾಠ ತೆರೆದು ಕೂತಿದ್ದಾಳೋ.

ನನ್ನ ಪುಟ ಯಾಕೆ ಬರಲಿಲ್ಲ ಎಂದು ಹುಡುಕಿದೆ. ತಾಣ ತೆರೆಯುವಾಗ ಮೊದಲು ಪ್ಲಗಿನ್‌ಗಳು ಒಂದೊಂದಾಗಿ ಲೋಡ್ ಆಗುತ್ತವೆ, ಥೀಮ್‌ನ ಸರದಿ ಅವೆಲ್ಲ ಆದ ಮೇಲೆ. ಮೊದಲೆಲ್ಲ ಆ ಪ್ಲಗಿನ್ ಥೀಮ್ ಬರುವವರೆಗೆ ಕಾದು ಆಮೇಲೆ ದೂರು ಪರೀಕ್ಷಿಸುತ್ತಿತ್ತು. ಆ ವಾರ ತಾನಾಗಿ ಬಂದು ಕೂತ ಹೊಸ ಆವೃತ್ತಿ ಲೋಡ್ ಆದ ಕೂಡಲೇ ಪರೀಕ್ಷಿಸಿ, ಒಂದೇ ದೂರು ಎರಡು ಸಲ ಬಂದಂಥ ತಪ್ಪು ಕಂಡರೆ ಅಲ್ಲೇ ಎಲ್ಲವನ್ನೂ ನಿಲ್ಲಿಸಿಬಿಡುತ್ತಿತ್ತು. ನನ್ನ ಪುಟ ಇದ್ದ ಥೀಮ್ ಇನ್ನೂ ಬಂದೇ ಇರುತ್ತಿರಲಿಲ್ಲ.

ದೋಷದ ಪುಟವನ್ನು ಥೀಮ್‌ನಿಂದ ಕಿತ್ತು ಬೇರೆ ಪ್ಲಗಿನ್ ಮಾಡಿ ಹಾಕಿದೆ. ಮತ್ತೆ ಅದೇ ಬಿಳಿ ಪುಟ. ಪ್ಲಗಿನ್‌ಗಳು ಹೆಸರಿನ ಅಕ್ಷರ ಕ್ರಮದಲ್ಲಿ ಬರುತ್ತವೆ, ದೂರಿನ ಪ್ಲಗಿನ್ ಹೆಸರು ನನ್ನದಕ್ಕಿಂತ ಮೊದಲು ಬರುತ್ತಿತ್ತು. ಸಿಸ್ಟರ್ ಮತ್ತೆ ಫೋನು ಮಾಡಿದರು. "ಆತೇನಮ್ಮ?" ಎಂದರು. "ಇನ್ನೂ ಇಲ್ರಿ" ಎಂದೆ. ಅವರು ಫೋನು ಇಡಲಿಲ್ಲ. ಅವರ ಉಸಿರು ಕೇಳುತ್ತಿತ್ತು.

ಎಲ್ಲ ಪ್ಲಗಿನ್‌ಗಳಿಗಿಂತ ಮೊದಲೇ ಓದಿಸಿಕೊಳ್ಳುವ ಒಂದು ಫೋಲ್ಡರ್ ಇದೆ. ಅದರಲ್ಲಿ ಹಾಕಿದೆ. ಈ ಸಲ ಪರದೆ ಪೂರ್ತಿ ಖಾಲಿ. ನನ್ನ ಪುಟ ಥೀಮ್‌ನ ತಲೆಭಾಗವನ್ನು ಕರೆಯುತ್ತಿತ್ತು, ಥೀಮ್ ಇಲ್ಲದೆ ಅಲ್ಲೇ ನಿಂತುಬಿಟ್ಟಿತ್ತು. ಬಣ್ಣ, ಚಿತ್ರ ಎಲ್ಲ ತೆಗೆದು, ಯಾವುದನ್ನೂ ನೆಚ್ಚಿಕೊಳ್ಳದ ಎರಡು ಸಾಲು ಬರೆದೆ. ಮತ್ತೆ ತೆರೆದೆ. ಹೊಲಿಗೆ ಪಾಠ ಈಗ ತೆರೆಯುತ್ತಿಲ್ಲ.

"ಆತ್ರಿ" ಎಂದೆ. ಆದರೆ ಅಷ್ಟರಲ್ಲಿ ಅವನು ನೋಡಿದ್ದನೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ. ಆಕೆಗೆ ಫೋನು ಮಾಡುವ ಹಾಗಿಲ್ಲ.

ಮರುದಿನ ಸಿಸ್ಟರ್ ನನ್ನನ್ನೂ ಕರೆದುಕೊಂಡು ಬಾತಿಗೆ ಹೊರಟರು. ಹೊಲಿಗೆ ಕ್ಲಾಸಿಗೆ ಹೆಂಗಸರನ್ನು ಸೇರಿಸಿಕೊಳ್ಳಲು ಬಂದವರಂತೆ ಆಚೀಚೆಯ ಮನೆಗಳಲ್ಲಿ ಕೇಳಿಕೊಂಡೇ ಆ ಬಾಗಿಲಿಗೆ ಹೋದೆವು. ಅತ್ತೆ "ಕೂಡ್ರಿ" ಎಂದು ಚಾಪೆ ಹಾಕಿದರು. ಒಳಬಾಗಿಲ ಹತ್ತಿರ ಆಕೆ ನಿಂತಿದ್ದಳು. ಮುಖದಲ್ಲಿ ಹೊಸ ಗಾಯವೇನೂ ಕಾಣಲಿಲ್ಲ. ಅದನ್ನೇ ಹುಡುಕುತ್ತಿದ್ದ ನನ್ನ ಕಣ್ಣು ಆಕೆಯ ಕಣ್ಣಿಗೆ ಸಿಕ್ಕಿ ಇಬ್ಬರೂ ತಲೆ ತಗ್ಗಿಸಿದೆವು.

ಆಗ ಒಳಗಿನಿಂದ ಗಂಡ ಬಂದ. ಕೈಯಲ್ಲಿ ಫೋನು.

"ಹೊಲಿಗೆ ಅಂದ್ರೆ ಇದೇನ್ರಿ?" ಎಂದು ಪರದೆಯನ್ನು ನನ್ನ ಮುಖಕ್ಕೆ ಹಿಡಿದ. "ನನ್ ಫೋನಾಗೆ ಬಂದು ಕೂತೈತೆ. ತೆರೆಯೋಕೇ ಆಗ್ವಲ್ದು."

ನನ್ನವೇ ಎರಡು ಸಾಲು. "ಸರ್ವರ್ ಸರಿ ಇಲ್ರಿ," ಎಂದೆ.

ಅವನು ನನ್ನನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದ. "ಬೇಕಾದ್ರೆ ಕಳ್ಸವ್ವಾ," ಎಂದು ತಾಯಿಗೆ ಹೇಳಿ ಹೊರಗೆ ಹೋದ. ಸಿಸ್ಟರ್ ನೀರು ಕೇಳಿ ಕುಡಿದರು.

ಆಕೆ ಕ್ಲಾಸಿಗೆ ಬಂದಳು. ಹೊಲಿಗೆಯನ್ನೂ ನಿಜಕ್ಕೂ ಕಲಿತಳು. ವಕೀಲರು ಕಾಗದಪತ್ರ ಸಿದ್ಧ ಮಾಡಿದ ಮೇಲೆ ಒಂದು ಬೆಳಿಗ್ಗೆ ಮಗಳನ್ನು ಎತ್ತಿಕೊಂಡು ಅಣ್ಣನ ಮನೆಗೆ ಹೋದಳು. ಯಾವ ಊರೆಂದು ಸಿಸ್ಟರ್ ನನಗೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಆಮೇಲೆ ಆಕೆಯನ್ನು ನೋಡಿದ್ದು ಒಂದೇ ಸಲ, ಹರಿಹರದ ಬಸ್ ನಿಲ್ದಾಣದಲ್ಲಿ. ಕೋರ್ಟಿಗೆ ಬಂದಿದ್ದಳೇನೋ. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬ ಗಂಡಸಿನ ಮುಖವನ್ನೂ ನೋಡುತ್ತಿದ್ದಳು. ಆಕೆಗೆ ನನ್ನ ಗುರುತು ಹತ್ತಿತು. ಹೊರಗೆ ಯಾರನ್ನೂ ಮಾತಾಡಿಸಬಾರದೆಂಬುದು ಕೇಂದ್ರದ ನಿಯಮ. ನಾನು ಮೆಲ್ಲಗೆ ಅಂಗಡಿಯ ಕಡೆ ತಿರುಗಿಕೊಂಡೆ, ಆಕೆಯ ಬಸ್ಸು ಹೊರಡುವವರೆಗೂ ಹಾಗೇ ನಿಂತಿದ್ದೆ.