ಎಸ್ತರ್ ತೆರೆಸಿದ ಬಾಗಿಲು

೨೦೨೦ರ ಬೇಸಿಗೆಯಲ್ಲಿ ನಾನು ಅಮೆರಿಕದ ರಾಲಿ ನಗರದಿಂದ ಸ್ವಲ್ಪ ದೂರದ ಕೌಂಟಿ ಆಸ್ಪತ್ರೆಯೊಂದರಲ್ಲಿ ಶ್ವಾಸಕೋಶದ ಡಾಕ್ಟರಾಗಿದ್ದೆ. ಉಸಿರಾಟದ ಟ್ಯೂಬನ್ನು ನನ್ನಷ್ಟು ನಾಜೂಕಾಗಿ ಇಳಿಸುವವರು ಇಡೀ ಕ್ಯಾರೊಲೈನಾದಲ್ಲಿರಲಿಲ್ಲ. ಅನುಮಾನವಿದ್ದರೆ ಯಾರನ್ನಾದರೂ ಕೇಳಿ, ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು.

ಎಂಬತ್ತು ದಾಟಿದ ಎಸ್ತರ್ ಕೋವಿಡ್ ಹಿಡಿದು ನನ್ನ ವಾರ್ಡಿಗೆ ಬಂದರು. ಆ ಕೌಂಟಿ ಬೋರ್ಡಿಗೆ, ಅಂದರೆ ನಮ್ಮ ಜಿಲ್ಲಾ ಪಂಚಾಯಿತಿಯಂಥದ್ದಕ್ಕೆ, ಗೆದ್ದ ಮೊದಲ ಯಹೂದಿ ಹೆಂಗಸು. ಹಿಂದೆ ಇದೇ ಆಸ್ಪತ್ರೆಯಲ್ಲಿ ಕಪ್ಪು ರೋಗಿಗಳ ಮನೆಯವರು ಹಿಂದಿನ ಗೇಟಿನಾಚೆ ಕಾಯಬೇಕಿತ್ತಂತೆ. ಎಸ್ತರ್ ವರ್ಷಗಟ್ಟಲೆ ಜಗಳವಾಡಿ, ಯಾರ ಮನೆಯವರೇ ಆಗಲಿ ಹಾಸಿಗೆಯ ಪಕ್ಕ ಕೂರಬಹುದೆಂಬ ನಿಯಮ ಮಾಡಿಸಿದರು. ಅದಕ್ಕೆ ಅವರ ಕಿಟಕಿಗೆ ಕಲ್ಲು ಬಿತ್ತು. ಆ ಕಲ್ಲನ್ನು ಆಮೇಲೆ ಬೋರ್ಡಿನ ಮೇಜಿನ ಮೇಲೆ, ಕಾಗದ ಹಾರದಂತೆ ಇಟ್ಟುಕೊಂಡಿದ್ದರು.

ಮನೆಯ ಇಡ್ಲಿಯನ್ನು ನಾನು ಅವರಿಗೆ ಹೊಸ ಔಷಧವೆಂದು ತಿನ್ನಿಸಿದ್ದೆ.

“ಸೈಡ್ ಇಫೆಕ್ಟ್ ಏನು ಡಾಕ್ಟರ್?”

“ಚಟ್ನಿ ಬೇಕು ಅನ್ಸುತ್ತೆ.”

ನಕ್ಕು ಕೆಮ್ಮಿದರು. ಟ್ಯೂಬು ಮಾತ್ರ ಬೇಡವೇ ಬೇಡ ಎಂದರು. ನನ್ನ ಹೆಚ್ಚುಗಾರಿಕೆ ಅಲ್ಲಿಗೆ ಮುಗಿಯಿತು. ಆಕ್ಸಿಜನ್ ಇಳಿಯುವುದನ್ನು ನೋಡುತ್ತ ನಿಂತೆ.

ಕೋವಿಡ್‌ನಿಂದಾಗಿ ಒಳಗೆ ಯಾರಿಗೂ ಪ್ರವೇಶವಿರಲಿಲ್ಲ. ಮಗಳು ಲೀಯಾ ಪಾರ್ಕಿಂಗ್ ಲಾಟಿನಲ್ಲಿ ಕಾರಿನಲ್ಲೇ ಕೂತಿದ್ದಳು. ಅವಳಿಗೆ ಗೌನು, ಮಾಸ್ಕು ತೊಡಿಸಿ ಡಾಕ್ಟರೆಂದು ಒಳಗೆ ತರುವುದೆಂದು ನಿಶ್ಚಯಿಸಿ, ಎಸ್ತರ್ ಹಾಸಿಗೆಯ ಪಕ್ಕದಲ್ಲೇ ನರ್ಸಿನ ನೆರವು ಕೇಳಿದೆ.

“ಬೇಡ ಅಂಕಲ್, ಸಿಕ್ಕಿಹಾಕ್ಕೊಂಡ್ರೆ ನನ್ನ ವೀಸಾ ಹೋಗುತ್ತೆ,” ಎಂದಳು ಮೈಸೂರಿನ ನರ್ಸ್ ಶ್ವೇತಾ.

“ನಾನು ಎಂದಾದ್ರೂ ಸಿಕ್ಕಿಹಾಕ್ಕೊಂಡಿದೀನೇನಮ್ಮ?”

ನಮ್ಮ ಕನ್ನಡದ ನಡುವಿನ ಲೀಯಾ, ಗೌನು, ವೀಸಾ ಎಂಬ ಮಾತುಗಳಿಂದಲೇ ಎಸ್ತರ್ ವಿಷಯ ಊಹಿಸಿದರು. “ಹೊರಗೆ ನನ್ನ ಮಗಳ ಕಾರು ಒಂದೇ ಇದೆಯಾ?”

“ಇಲ್ಲ, ರೋಗಿಗಳ ಮನೆಯವರಿಂದ ಲಾಟ್ ತುಂಬಿದೆ.”

“ಅವರಿಗೆಲ್ಲ ಗೌನ್ ಇದೆಯಾ? ನಾನು ತೆರೆಸಿದ್ದು ಎಲ್ಲರ ಬಾಗಿಲು. ನನ್ನ ಮಗಳು ಕಳ್ಳದಾರಿಯಲ್ಲಿ ಬರೋದು ಬೇಡ.” ಉಸಿರು ಎಳೆದುಕೊಂಡು ಮತ್ತೆ ಹೇಳಿದರು, “ನಮ್ಮಲ್ಲಿ ಸತ್ತವರನ್ನು ಮಣ್ಣು ಮಾಡೋವರೆಗೆ ಒಂಟಿ ಬಿಡಲ್ಲ. ಒಯ್ಯೋವರೆಗೆ ನೀವು ಕೂರ್ತೀರಾ?”

“ಕೂರ್ತೀನಿ. ನನ್ನನ್ನು ಎಬ್ಬಿಸೋ ಧೈರ್ಯ ಇಲ್ಲಿ ಯಾರಿಗಿದೆ?”

ಮರುದಿನ ಬೆಳಿಗ್ಗೆ, ಟ್ಯಾಬ್ಲೆಟ್ಟಿನ ವಿಡಿಯೋ ಕರೆಯಲ್ಲಿ ಮಗಳ ಮುಖ ನೋಡುತ್ತ, ಎಸ್ತರ್ ಹೋದರು. ನಾನು ಕುರ್ಚಿ ಎಳೆದು ಕೂತೆ. ಲೀಯಾ ಕಾರಿನಿಂದಲೇ ಯಹೂದಿ ಪ್ರಾರ್ಥನೆ ಓದತೊಡಗಿದಳು.

“ಅಂಕಲ್, ಬೇಗ ಬನ್ನಿ! ಪಕ್ಕದ ರೂಮಿನ ಪೇಷಂಟ್ ಹೋಗ್ಬಿಡ್ತಾರೆ!” ಶ್ವೇತಾ ಕೂಗಿದಳು.

ಎದ್ದೆ. ಟ್ಯಾಬ್ಲೆಟ್ಟನ್ನು ಎಸ್ತರ್ ಕಡೆ ತಿರುಗಿಸಿ ಕುರ್ಚಿಯ ಮೇಲಿಟ್ಟು ಓಡಿದೆ.

ಟ್ಯೂಬು ಇಳಿಸಿ ವಾಪಸ್ ಬಂದಾಗ ಹಾಸಿಗೆ ಖಾಲಿಯಾಗಿತ್ತು, ಹೊಸ ಬೆಡ್‌ಶೀಟು ಹಾಸಿತ್ತು. ಶವ ಒಯ್ದವರು ಟ್ಯಾಬ್ಲೆಟ್ ಸಮೇತ ಕುರ್ಚಿಯನ್ನು ಗೋಡೆಗೆ ತಿರುಗಿಸಿಟ್ಟಿದ್ದರು. ಬರೀ ಗೋಡೆ ಕಾಣುತ್ತಿದ್ದರೂ ಲೀಯಾ ಓದುತ್ತಲೇ ಇದ್ದಳು.

ಊರನ್ನೆಲ್ಲ ನಂಬಿಸಬಲ್ಲ ನನಗೆ, ಒಯ್ಯೋವರೆಗೂ ಕೂತಿದ್ದೆ ಎಂದು ಅವಳಿಗೊಂದು ಸುಳ್ಳು ಹೇಳಲಾಗಲಿಲ್ಲ. ಅವಳು ಓದಿ ಮುಗಿಸುವವರೆಗೂ ಆ ಕುರ್ಚಿಯ ಪಕ್ಕ ನಿಂತಿದ್ದೆ. ಆಮೇಲೆ ಕೆಳಗಿಳಿದು ಅವಳ ಕಾರಿನ ಕಿಟಕಿ ತಟ್ಟಿದೆ.

ಅಂದಿನಿಂದ ನಿವೃತ್ತಿಯವರೆಗೆ ಯಾವ ರೋಗಿಗೂ “ಕೊನೆವರೆಗೂ ಇರ್ತೀನಿ” ಎನ್ನಲಿಲ್ಲ. “ಬೇರೆ ಯಾರಾದ್ರೂ ಕರೆಯೋವರೆಗೂ ಇರ್ತೀನಿ” ಎಂದೆ. ವೃತ್ತಿ ನನಗೆ ಕಲಿಸಿದ್ದು ಅಷ್ಟೇ.