ಒಂದು ಪರಾತ, ಒಂದು ತಾಟು

ಮಕ್ಕಳ ಫ್ರೆಂಚ್ ಪಾಠಕ್ಕೆ ನಾನು ಪ್ಯಾರಿಸ್ ಬಿಟ್ಟು ಆಫ್ರಿಕಾದ ಸೆನೆಗಲ್ ಆರಿಸಿಕೊಂಡದ್ದು ಒಬ್ಬ ಹೆಂಗಸಿನ ಮೇಲಿನ ಸಿಟ್ಟಿನಿಂದ. ಸುಳ್ಳು ಯಾಕೆ ಹೇಳಲಿ?

ನಾವು ನಾಲತವಾಡದ ಪಿಂಜಾರರು. ಸುಗ್ಗಿ ಮುಗಿದ ಮೇಲೆ ಅಪ್ಪ ಹತ್ತಿ ಹಿಂಜುವ ಬಿಲ್ಲು ಹೊತ್ತು ಮುದ್ದೇಬಿಹಾಳಕ್ಕೆ ಹೋಗುತ್ತಿದ್ದ. ಶಾಲೆಯ ಸೂಟಿಯಲ್ಲಿ ನಾನೂ ಅವನ ಬೆನ್ನು ಹತ್ತುತ್ತಿದ್ದೆ. ಒಂದು ವರ್ಷ ಆ ಹೆಂಗಸಿನ ಪಡಸಾಲೆಯಲ್ಲಿ ನಾಲ್ಕು ದಿನ ಕೂತು ಅವರ ಗಾದಿಗಳನ್ನೆಲ್ಲ ಹೊಸದಾಗಿ ತುಂಬಿಕೊಟ್ಟ. ಊಟದ ಹೊತ್ತಿಗೆ ಮಾತ್ರ ಅವಳು ನಮ್ಮನ್ನು ಹಿತ್ತಲಿಗೆ ಕಳಿಸುತ್ತಿದ್ದಳು. ಅಲ್ಲಿ ಗೋಡೆಯ ಮೇಲೆ ಅಂಚು ನೆಗ್ಗಿದ ಒಂದು ಅಲ್ಯೂಮಿನಿಯಂ ತಾಟು ಬೋರಲಾಗಿ ಇರುತ್ತಿತ್ತು. ನಾವು ಅದನ್ನು ತಿರುವಿ ಹಿಡಿದರೆ ಮೇಲಿನಿಂದಲೇ ರೊಟ್ಟಿ ಬಿಡುವಳು.

“ಉಂಡಾದಮ್ಯಾಲ ತೊಳದು ಗ್ವಾಡಿ ಮ್ಯಾಲ ಬೋರಲ ಇಡು. ಒಳಗ ತರಬ್ಯಾಡ,” ಎಂದು ನನಗೆ ಹೇಳುವಳು.

ಅಪ್ಪ ಹಿಂಜಿದ ಹತ್ತಿಯ ಮೇಲೆ ಹೊರಳಾಡಿ ಮಲಗಲು ಅಡ್ಡಿಯಿಲ್ಲ, ಅಪ್ಪ ಉಂಡ ತಾಟು ಅಡುಗೆಮನೆಗೆ ಬರಬಾರದು! ಅಪ್ಪ ಉಂಡು ಮತ್ತೆ ಬಿಲ್ಲಿಗೆ ಕೂಡುತ್ತಿದ್ದ. ಅವನು ಈಗಿಲ್ಲ. ಅವನು ತೋರಿಸದ ಸಿಟ್ಟು ನನ್ನ ಪಾಲಿಗೆ ಬಂತು.

ಪುಣೆಯಲ್ಲಿ ಫ್ರೆಂಚ್ ಕಲಿತು ಬಂದು ಮುದ್ದೇಬಿಹಾಳದ ಒಂದು ಖಾಸಗಿ ಶಾಲೆ ಸೇರಿದೆ. ಹೋದ ವರ್ಷ ಮೂರನೆಯ ತರಗತಿಯ ಹುಡುಗಿಯೊಬ್ಬಳನ್ನು ಕರೆದೊಯ್ಯಲು ಅವಳ ಅಜ್ಜಿ ಗೇಟಿಗೆ ಬಂದಳು. ಅವಳೇ! ಕೂದಲು ಬೆಳ್ಳಗಾಗಿತ್ತು, ಗತ್ತು ಹಾಗೇ ಇತ್ತು. ಗುರುತು ಸಿಗದೆ “ನಮಸ್ಕಾರ್ರಿ ಮೇಡಂ,” ಎಂದು ಕೈಮುಗಿದಳು. ಆ ನಮಸ್ಕಾರದಿಂದ ನನ್ನ ಮೈ ಇನ್ನಷ್ಟು ಉರಿಯಿತು.

ಪಾಲಕರ ದಿನ ಬರಲಿತ್ತು. “ಐಫೆಲ್ ಟವರ್ ಮಾಡಸ್ರಿ ಮೇಡಂ, ಚಂದ ಕಾಣ್ತೈತಿ,” ಎಂದರು ಹೆಡ್‌ಮಾಸ್ತರರು. ನಾನು ಸೆನೆಗಲ್ ಎಂದೆ. ಅಲ್ಲೂ ಫ್ರೆಂಚ್ ಇದೆ, ಅಲ್ಲೂ ಸಜ್ಜೆ, ಶೇಂಗಾ ಬೆಳೆಯುತ್ತಾರೆ ಎಂದು ಒಪ್ಪಿಸಿದೆ. ಹೇಳದೇ ಬಿಟ್ಟ ಕಾರಣ ಬೇರೆಯೇ ಇತ್ತು. ಅಲ್ಲಿ ಪರಾತದಂಥ ಅಗಲವಾದ ದೊಡ್ಡ ತಟ್ಟೆಯ ಸುತ್ತ ಎಲ್ಲರೂ ಕೂತು ಅದರಲ್ಲೇ ಉಣ್ಣುತ್ತಾರೆ. ತಂತಮ್ಮ ಮುಂದಿನದಷ್ಟನ್ನೇ ಮುಟ್ಟಬೇಕು. ನಡುವಿನ ಮೀನು, ತರಕಾರಿಯ ಒಳ್ಳೆಯ ಹೋಳುಗಳನ್ನು ಮನೆಯೊಡತಿ ತನ್ನ ಕೈಯಿಂದ ಮುರಿದು ಬಂದವರ ಮುಂದೆ ಸರಿಸುತ್ತಾಳೆ.

ಮಕ್ಕಳು ಖಾಲಿ ಪರಾತದ ಸುತ್ತ ಕೂತು ಕಲಿತರು. ‘ದವಾಂ ಮ್ವಾ’ ಅಂದರೆ ನನ್ನ ಮುಂದೆ, ‘ದವಾಂ ತ್ವಾ’ ಅಂದರೆ ನಿನ್ನ ಮುಂದೆ. ವಾರದಲ್ಲಿ ಶಾಲೆಯೆಲ್ಲ ಅದೇ ಗದ್ದಲ. ಅವರಿಗೆ ಅದು ಆಟ, ನನಗೆ ಬಲೆ.

ಆ ದಿನ ಸಜ್ಜೆಯ ನುಚ್ಚು, ಶೇಂಗಾ ಸಾರು, ಗಜ್ಜರಿ, ಕುಂಬಳಕಾಯಿ. ನೆಪ ಸಿಗಬಾರದೆಂದು ಮೀನು ಬಿಟ್ಟಿದ್ದೆ. ಮೊಮ್ಮಗಳು ಕೈ ಹಿಡಿದು ಎಳೆದಳೆಂದು ಅಜ್ಜಿ ಒಲ್ಲದ ಮನಸ್ಸಿನಿಂದ ಕೂತಳು. ಅವಳ ಎದುರಿಗೇ ನಾನು ಕೂತೆ. ಕುಂಬಳದ ಹೋಳು ಮುರಿದು, ಬೆರಳಿನಿಂದ ಅವಳ ಮುಂದೆ ಸರಿಸಿದೆ. ಎಲ್ಲರೂ ನೋಡುತ್ತಿದ್ದರು. ತಿಂದಳು.

“ಯಾವೂರ್ರಿ ಮೇಡಂ ನಿಮ್ಮದು?”

“ಇನ್ನೊಂದು ತುತ್ತು ಉಣ್ರಿ, ಹೇಳ್ತೇನಿ.” ಅವಳು ನುಂಗುವ ತನಕ ಕಾದೆ. “ನಾಲತವಾಡದ ಪಿಂಜಾರನ ಮಗಳ್ರಿ. ಹಿತ್ತಲ ಗ್ವಾಡಿ ಮ್ಯಾಲಿನ ತಾಟಿನ್ಯಾಗ ನಮಗ ಹಾಕ್ತಿದ್ರೆಲ್ಲ, ಆಕಿನ ನಾನು.”

ಅವಳ ಕೈ ಪರಾತದಲ್ಲೇ ನಿಂತಿತು. ಎಷ್ಟು ವರ್ಷ ಕಾದಿದ್ದೆ ಆ ಮುಖ ನೋಡಲು! ಅಷ್ಟರಲ್ಲಿ ಮೊಮ್ಮಗಳು ಖುಷಿಯಿಂದ ಕೂಗಿದಳು, “ಟೀಚರ್, ಆ ತಾಟು ಇನ್ನೂ ಐತ್ರಿ! ಬಟ್ಟಿ ಒಗಿಯಾಕ ಬರೋ ಅಕ್ಕಾಗ ಅಜ್ಜಿ ಅದರಾಗ ಹಾಕ್ತಾಳ್ರಿ.”

ಪಾಲಕರೆಲ್ಲ ಅಜ್ಜಿಯತ್ತ ತಿರುಗಿದರು. ಅಜ್ಜಿ ಮೊಣಕಾಲು ನೋವೆಂದು ಎದ್ದು, ಕೈ ತೊಳೆದು ಹೋದಳು. ನಾನು ಗೆದ್ದಿದ್ದೆ. ಆದರೆ ಆ ತಾಟು ಇನ್ನೂ ಇತ್ತು, ಅದರಲ್ಲಿ ಈಗ ಇನ್ನೊಬ್ಬಳು ಉಣ್ಣುತ್ತಿದ್ದಳು.

ಮರುದಿನ ಹುಡುಗಿ ಪಾಟಿಚೀಲದಿಂದ ಅದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟಳು. ಅಂಚಿನಲ್ಲಿ ಅದೇ ನೆಗ್ಗು.

“ಅಜ್ಜಿಗಿ ಹೇಳಿಲ್ಲರಿ. ಇದರಾಗೂ ಎಲ್ಲಾರೂ ಕೂಡಿ ಉಣ್ಣೂಣ್ರಿ.”

ಶೇಂಗಾ, ಬೆಲ್ಲ ಹಾಕಿಕೊಂಡು ನಾನು, ಅವಳು, ಇನ್ನಿಬ್ಬರು ಮಕ್ಕಳು ಸುತ್ತ ಕೂತೆವು. ಅವಳು ದೊಡ್ಡ ಬೆಲ್ಲದ ಚೂರನ್ನು ನನ್ನ ಕಡೆ ಸರಿಸಿ “ದವಾಂ ತ್ವಾ,” ಎಂದಳು. ಟೀಚರಿಗೆ ‘ತ್ವಾ’ ಅಲ್ಲ, ‘ನೀವು’ ಎಂಬರ್ಥದ ‘ವೂ’ ಅನ್ನಬೇಕು ಎಂದು ನಾನು ತಿದ್ದಲಿಲ್ಲ. ಅಪ್ಪ ನೆನಪಾಗಿ ಅತ್ತುಬಿಟ್ಟೆ.

ವಾರದ ಮೇಲೆ ಹುಡುಗಿ ಬಂದು, “ಅಜ್ಜಿ ತಾಟು ಕೇಳ್ಯಾಳ್ರಿ,” ಎಂದಳು.

“ಆಕೀನ ಬರಲಿ. ನನ್ನ ಎದುರಿಗೆ ಕೂತು ಇದರಾಗ ಒಂದು ತುತ್ತು ಉಣ್ಣಲಿ. ಆಮ್ಯಾಲ ತೊಳಕೊಂಡು ಒಯ್ಯಲಿ ಅಂತ ಹೇಳವ್ವಾ.”

ಇನ್ನೂ ಬಂದಿಲ್ಲ. ತಾಟು ನನ್ನ ತರಗತಿಯ ಕಪಾಟಿನಲ್ಲಿದೆ. ಬೋರಲಾಗಿ ಇಟ್ಟಿಲ್ಲ.