ಅಜ್ಜಿಯ ಕಂಬಳಿಯ ಮೂಲೆ

ಅಜ್ಜಿ ತೀರಿಕೊಂಡ ಎರಡನೆಯ ತಿಂಗಳಲ್ಲಿ ನಮ್ಮ ಬೆಕ್ಕು ವಾಂತಿ ಮಾಡಲು ಶುರುಮಾಡಿತು. ದಿನವೂ ಮಧ್ಯಾಹ್ನ ಮೂರರ ಹೊತ್ತಿಗೆ, ಪಡಸಾಲೆಯ ಅದೇ ಜಾಗದಲ್ಲಿ, ಅಜ್ಜಿಯ ಕರಿ ಕಂಬಳಿಯ ಪಕ್ಕದಲ್ಲಿ. ಶ್ರೀರಾಂಪುರದ ಹತ್ತಿರದ ಕುರಿ ಸಾಕುವ ಮನೆ ನಮ್ಮದು. ಸತ್ತವರ ಕಂಬಳಿಯನ್ನು ವರ್ಷದ ಎಡೆ ಮುಗಿಯುವವರೆಗೆ ಅವರು ಮಲಗುತ್ತಿದ್ದ ಜಾಗದಿಂದ ಎತ್ತುವುದಿಲ್ಲ.

ವಾಂತಿಗೆ ಮೊದಲು ಬೆಕ್ಕಿನ ಗಂಟಲಿನಿಂದ ಬರುತ್ತಿದ್ದ ಸದ್ದು ಅಜ್ಜಿಯ ಕೊನೆಯ ದಿನಗಳ ಕೆಮ್ಮಿನಂತೆಯೇ ಇತ್ತು. ಮೂರು ಸಲ ಒಣದಾಗಿ ಎಳೆದು, ಕ್ಷಣ ನಿಂತು, ಮತ್ತೆ. ಮೊದಲ ದಿನ ನಾನು ನೀರಿನ ಲೋಟ ಹಿಡಿದು ಒಳಗಿನಿಂದ ಬಂದುಬಿಟ್ಟಿದ್ದೆ.

ಅಪ್ಪ ಕುರಿಗಳಿಗೆ ಎಣ್ಣೆ ಕುಡಿಸುವ ಬಿದಿರಿನ ಗೊಟ್ಟ ತಂದ. ಪಕ್ಕದ ಮನೆಯ ದೊಡ್ಡವ್ವ ಬಾಗಿಲಲ್ಲೇ ನಿಂತಳು.

"ಏನಪ್ಪ, ಬೆಕ್ಕಿಗೂ ಗೊಟ್ಟನಾ? ನಾಳೆ ಉಣ್ಣೆನೂ ಕತ್ತರಿಸ್ತೀಯೇನು?"

"ಹೊಟ್ಟೆ ಅಂದ್ಮೇಲೆ ಎಲ್ಲಾ ಒಂದೇ ಬಿಡವ್ವ."

ಒಂದಲ್ಲ. ಅಪ್ಪನ ಮುಂಗೈ ಗೀರಿಹೋಯಿತು, ಎಣ್ಣೆಯೆಲ್ಲ ಹೊರಗೆ ಬಂತು, ಬೆಕ್ಕು ಅವತ್ತಿನಿಂದ ಅನ್ನವನ್ನೂ ಮುಟ್ಟಲಿಲ್ಲ.

"ನಿಮ್ಮಜ್ಜಿ ಕರೀತೈತೆ ಅದನ್ನ," ಎಂದಳು ಅವ್ವ. "ಅಜ್ಜಿ ಕೈಯಾಗೇ ಬೆಳೆದಿದ್ದಲ್ವಾ."

ನಾನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಪ್ರತಿ ವಾಂತಿಯ ಸಮಯ, ಬಣ್ಣ ಬರೆದಿಡುತ್ತಿದ್ದೆ. ಆರನೆಯ ದಿನ ನೊರೆಯಲ್ಲಿ ಕೂದಲಿನಂಥದ್ದೊಂದು ಕಂಡಿತು. ಕಡ್ಡಿಯಲ್ಲಿ ಎತ್ತಿ ತೊಳೆದೆ. ಕಪ್ಪಗಿತ್ತು, ಹುರಿ ಇತ್ತು. ನೂತ ಉಣ್ಣೆಯ ಎಳೆ.

ಮಾರನೆಯ ಬೆಳಿಗ್ಗೆ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೊಸದುರ್ಗಕ್ಕೆ ಹೋದೆ. ಎಳೆ ತೋರಿಸಿ, ಗೊಟ್ಟದ ವಿಷಯವನ್ನೂ ಹೇಳಿದೆ. ಪಶುವೈದ್ಯರು ಮೊದಲು ನಾಲಿಗೆಯ ಕೆಳಗೆ ನೋಡಿದರು, ಆಮೇಲೆ ಹೊಟ್ಟೆ ಒತ್ತಿದರು.

"ಸದ್ಯ ಗಂಟು ಸಿಗ್ತಿಲ್ಲ. ದಾರ ಬಾಯಾಗೋ ಹಿಂದ್ಗಡೆನೋ ನೇತಾಡಿದ್ರೆ ಎಳೀಬೇಡಮ್ಮ, ಕರುಳು ಕುಯ್ದುಬಿಡ್ತೈತೆ. ಹಂಗೇ ಕರ್ಕೊಂಡು ಬಾ. ಗೊಟ್ಟ ಮುಟ್ಟಬ್ಯಾಡ ಅಂತ ನಿಮ್ಮಪ್ಪಂಗೆ ಹೇಳು, ಎಣ್ಣೆ ಶ್ವಾಸಕ್ಕೆ ಹೋದ್ರೆ ಮುಗೀತು." ಸೂಜಿ ಚುಚ್ಚಿ, ಕೈ ತೊಳೆಯುತ್ತ ಹೇಳಿದರು: "ಎಳೆ ಎಲ್ಲಿಂದ ತಿಂತೈತೆ ನೋಡಿ ಅದನ್ನ ತೆಗೀರಿ. ಇನ್ನೊಂದಷ್ಟು ಒಳಗೆ ಹೋದ್ರೆ ಉಳಿಯೋದು ಕಷ್ಟ."

ಅಂದು ಮೂರಕ್ಕೆ ಬಾಗಿಲ ಮರೆಯಲ್ಲಿ ನಿಂತೆ. ಬೆಕ್ಕು ಕಂಬಳಿಯ ಮೇಲೆ ಹತ್ತಿತು. ಕಣ್ಣು ಮುಚ್ಚಿ ಮುಂಗಾಲಿನಿಂದ ಒತ್ತುತ್ತ, ಗೋಡೆಯ ಕಡೆಯ ಮೂಲೆಯನ್ನು ಬಾಯಿಗೆ ತೆಗೆದುಕೊಂಡು ಚೀಪತೊಡಗಿತು. ಅಜ್ಜಿಯೂ ಕೊನೆಯ ವಾರಗಳಲ್ಲಿ ಹಲ್ಲಿಲ್ಲದ ಬಾಯಲ್ಲಿ ಇದೇ ಮೂಲೆಯನ್ನು ಚೀಪುತ್ತಿದ್ದಳು. ನಾವು ಬಿಡಿಸಿದಷ್ಟೂ ಮತ್ತೆ ಇಟ್ಟುಕೊಳ್ಳುತ್ತಿದ್ದಳು. ಅದನ್ನು ಮನೆಯ ಹೊರಗೆ ಯಾರಿಗೂ ಹೇಳಿರಲಿಲ್ಲ. ಉಳಿದ ಮೂರು ಮೂಲೆಗಳನ್ನು ಬೆಕ್ಕು ಮುಟ್ಟಿರಲಿಲ್ಲ.

ಬೆಕ್ಕನ್ನು ಎತ್ತಿ ನನ್ನ ಕೋಣೆಯಲ್ಲಿ ಕೂಡಿ ಚಿಲಕ ಹಾಕಿದೆ.

"ಕಂಬಳಿ ಎತ್ತಿಡಾಣ ಅವ್ವ."

"ವರ್ಷ ಆಗಿಲ್ಲ."

"ಬೆಕ್ಕು ಅಲ್ಲೀಗಂಟ ಇರಲ್ಲ."

ಮರುದಿನ ಮಧ್ಯಾಹ್ನ ಅವ್ವ ಕೈಕಾಲು ತೊಳೆದು ಬಂದು ಮೂಲೆಯ ಮುಂದೆ ಕೂತಳು. "ಸಿಟ್ಟಾಗಬ್ಯಾಡ ಅತ್ತೆ, ಮೂಕಜೀವ," ಎಂದು ಕಂಬಳಿ ಮಡಚತೊಡಗಿದಳು. ಗೋಡೆಯ ಕಡೆಯ ಮೂಲೆಗೆ ಬಂದಾಗ ಅವಳ ಕೈ ನಿಂತಿತು. ನನ್ನ ಕೈ ಹಿಡಿದು ಅಲ್ಲಿಗೆ ಮುಟ್ಟಿಸಿದಳು.

ಒದ್ದೆಯಾಗಿತ್ತು. ಬೆಚ್ಚಗೂ ಇತ್ತು.

ನನ್ನ ಕೋಣೆಯ ಚಿಲಕ ಹಾಕಿದಂತೆಯೇ ಇತ್ತು, ಹಿಂದಿನ ದಿನದಿಂದ ಬೆಕ್ಕನ್ನು ಹೊರಗೆ ಬಿಟ್ಟಿರಲಿಲ್ಲ. ಒಳಗಿನಿಂದ ಬೆಕ್ಕು ಬಾಗಿಲು ಕೆರೆಯುತ್ತಿತ್ತು.

"ಒಣಗಿಸಿ ಇಡಾಣ," ಎಂದಳು ಅವ್ವ. "ಹಂಗೇ ಇಟ್ರೆ ನುಸಿ ಹಿಡೀತೈತೆ."

ಕಂಬಳಿ ಬಿಸಿಲು ಕಂಡು ಟ್ರಂಕಿಗೆ ಹೋಯಿತು. ಮೂರನೆಯ ದಿನ ಬೆಕ್ಕು ಗಂಜಿ ನೆಕ್ಕಿತು, ಐದನೆಯ ದಿನ ಅನ್ನ ತಿಂದಿತು. ನೋಟ್‌ಬುಕ್ಕಿನ ಕೊನೆಯ ಸಾಲು: ವಾಂತಿ ಇಲ್ಲ. ಒದ್ದೆಯ ವಿಷಯ ಅದರಲ್ಲಿ ಬರೆದಿಲ್ಲ.